ಹಳದಿ ಬಾಲದ ಕೇಸರಿ

ಅವೆನ್ಯೂ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ನಾನು ವರ್ಷಗಳಿಂದ ಹೋಗುವ ಗ್ರಂಧಿಗೆ ಅಂಗಡಿ ಇದೆ. ಪಚ್ಚಕರ್ಪೂರ, ಲಾವಂಚ, ಜಾಪತ್ರೆ, ಅರಿಸಿನದ ಕೊಂಬು ಎಲ್ಲದರ ವಾಸನೆ ಒಂದಾಗಿ ಬಾಗಿಲಲ್ಲೇ ಮೂಗಿಗೆ ಬಡಿಯುವಂಥ ಅಂಗಡಿ. ಅಲ್ಲಿ ಕೇಸರಿ ಕೇಳಿದರೆ ಯಜಮಾನರು ಡಬ್ಬಿಗೆ ಕೈ ಹಾಕುವ ಮೊದಲು ಒಂದೇ ಮಾತು ಕೇಳುತ್ತಾರೆ: “ಯಾವುದಕ್ಕಮ್ಮಾ?”

ಮೊದಮೊದಲು ಈ ಪ್ರಶ್ನೆ ನನಗೆ ಹಿಡಿಸುತ್ತಿರಲಿಲ್ಲ. ಯಾವುದಕ್ಕಾದರೇನು, ಒಳ್ಳೆಯದನ್ನು ಕೊಟ್ಟರಾಯಿತು, ನನ್ನ ಮುಖ ನೋಡಿ ದುಡ್ಡಿನ ಅಂದಾಜು ಮಾಡುತ್ತಿದ್ದಾರೇನೋ ಎಂಬ ಅನುಮಾನ. ಆಮೇಲೊಮ್ಮೆ, ಇನ್ನೆಲ್ಲೋ ಅರ್ಧ ಬೆಲೆಗೆ ಸಿಕ್ಕಿತೆಂದು ಒಂದು ಪುಟ್ಟ ಡಬ್ಬಿ ತಂದು ಗೌರಿ ಹಬ್ಬದ ಪಾಯಸಕ್ಕೆ ಹಾಕಿದೆ. ಹಾಲು ಕ್ಷಣದಲ್ಲಿ ಕೆಂಪಗಾಯಿತು. ಮಾವಿನಕಾಯಿ ಗೊಜ್ಜಿನಷ್ಟು ಕೆಂಪು. ಪರಿಮಳ ಮಾತ್ರ ಎಳ್ಳಷ್ಟೂ ಇಲ್ಲ. ಅತ್ತೆ ಒಂದು ಚಮಚ ಬಾಯಿಗಿಟ್ಟುಕೊಂಡು ಏನೂ ಹೇಳದೆ ಏಲಕ್ಕಿ ಡಬ್ಬಿ ಹುಡುಕಲು ಹೋದರು. ಆ ಮೌನದ ನಂತರ ನಾನು ಕೇಸರಿಯ ದರ್ಜೆಗಳ ವಿಚಾರವನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡೆ. ಅಷ್ಟರಲ್ಲಿ ಅರ್ಥವಾದ ಮೊದಲ ಸಂಗತಿ: ಕಡಿಮೆ ದರ್ಜೆಯ ಕೇಸರಿ ಬೇರೆ, ನಕಲಿ ಕೇಸರಿ ಬೇರೆ. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ.

ಹೂವಿನಿಂದಲೇ ಶುರು ಮಾಡಬೇಕು. ಕೇಸರಿ ಗಿಡಕ್ಕೆ ಬೀಜವಿಲ್ಲ. ಗಡ್ಡೆಯಿಂದ ಗಡ್ಡೆಗೆ ವಂಶ ಬೆಳೆಯುತ್ತದೆ. ಶ್ರೀನಗರದ ಹತ್ತಿರದ ಪಾಂಪೋರ್ ಬಯಲುಗಳಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಕೆಲವೇ ವಾರ ಹೂ ಬಿಡುತ್ತದೆ. ನೇರಳೆ ಬಣ್ಣದ ಆರು ದಳ, ನಡುವೆ ಹಳದಿಯ ಮೂರು ಕೇಸರಗಳು, ಅವುಗಳ ಜೊತೆಗೆ ಕೆಂಪಗೆ ಇಳಿಬಿದ್ದ ಮೂರು ಎಳೆಗಳು. ನಮಗೆ ಬೇಕಾದದ್ದು ಈ ಕೆಂಪು ಎಳೆ ಮಾತ್ರ. ತಮಾಷೆಯೆಂದರೆ, ನಮ್ಮ ಶಾಲೆಯ ಜೀವಶಾಸ್ತ್ರದಲ್ಲಿ ‘ಕೇಸರ’ ಎಂದರೆ ಹೂವಿನ ಗಂಡು ಭಾಗ. ಆದರೆ ಅಂಗಡಿಯ ಕೇಸರಿ ಬರುವುದು ಹೆಣ್ಣು ಭಾಗದಿಂದ, ಅಂದರೆ ಶಲಾಕಾಗ್ರದಿಂದ. ಹಳದಿ ಕೇಸರಗಳು ಡಬ್ಬಿಯಲ್ಲಿ ಕಂಡರೆ ಅದು ಕಸ, ಇಲ್ಲವೇ ತೂಕ ಹೆಚ್ಚಿಸಲು ಬೆರೆಸಿದ್ದು. ಹೆಸರು ಮಾತ್ರ ಅದರದ್ದೇ!

ಕೆಂಪು ಎಳೆ ಕೆಳಗೆ ಹೋದಂತೆ ಕಿತ್ತಳೆಯಾಗಿ, ಹಳದಿಯಾಗಿ, ಕೊನೆಗೆ ಬಿಳಿಚಿಕೊಂಡು ಹೂವಿನ ಬುಡ ಸೇರುತ್ತದೆ. ಈ ಕೆಳಗಿನ ತುಂಡೇ ಶಲಾಕೆ. ದರ್ಜೆಗಳ ಗೊಂದಲದ ಮುಕ್ಕಾಲು ಪಾಲು ಇಲ್ಲೇ ಬಗೆಹರಿಯುತ್ತದೆ, ಏಕೆಂದರೆ ಎಳೆಯನ್ನು ಎಲ್ಲಿ ಕತ್ತರಿಸಿದರು ಎಂಬುದರ ಮೇಲೆಯೇ ಹೆಸರು ನಿಂತಿದೆ. ಬಣ್ಣ ಕೊಡುವ ಕ್ರೋಸಿನ್ ಎಂಬ ಅಂಶ ತುಂಬಿರುವುದು ಕೆಂಪು ಭಾಗದಲ್ಲಿ. ಹಳದಿ ಬಾಲದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ ಬೇಕು. ಅಷ್ಟನ್ನೂ ಕೈಯಿಂದಲೇ ಕೊಯ್ದು, ಕೈಯಿಂದಲೇ ಬಿಡಿಸಬೇಕು. ಬಾಲ ಉಳಿಸಿಕೊಂಡರೆ ತೂಕ ಬರುತ್ತದೆ, ಕತ್ತರಿಸುವ ಕೂಲಿ ಉಳಿಯುತ್ತದೆ. ಹಾಗಾಗಿ ಬೆಲೆ ಇಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ.

ಕಾಶ್ಮೀರದಲ್ಲಿ ಬರೀ ಕೆಂಪು ತುದಿಗಳಿಗೆ ಮೊಂಗ್ರಾ ಎನ್ನುತ್ತಾರೆ, ಹಳದಿ ಬಾಲ ಸಹಿತ ಇಡೀ ಎಳೆಗೆ ಲಚ್ಛಾ. ಜಗತ್ತಿನ ಕೇಸರಿಯಲ್ಲಿ ಬಹುಪಾಲು ಬೆಳೆಯುವುದು ಇರಾನಿನಲ್ಲಿ, ಅದರಲ್ಲೂ ಖೊರಾಸಾನ್ ಪ್ರಾಂತಗಳಲ್ಲಿ. ಅಲ್ಲಿಯ ಹೆಸರುಗಳು ಬೇರೆ. ನೆಗಿನ್ ಎಂದರೆ ಉಂಗುರದ ಹರಳು. ದಪ್ಪನೆಯ, ಮುರಿಯದ, ಪೂರ್ತಿ ಕೆಂಪಾದ ಎಳೆ. ಸರ್ಗೋಲ್ ಎಂದರೆ ಹೂವಿನ ತಲೆ; ಇದೂ ಬರೀ ಕೆಂಪು, ಆದರೆ ಎಳೆ ಚಿಕ್ಕದು, ಚೂರು ಹೆಚ್ಚು. ಪುಶಾಲ್‌ನಲ್ಲಿ ಕೆಂಪಿನ ಜೊತೆ ಒಂದೆರಡು ಮಿಲಿಮೀಟರ್ ಹಳದಿ ಉಳಿದಿರುತ್ತದೆ. ದಸ್ತೆ ಎಂದರೆ ಕಟ್ಟು: ಬಾಲ ಸಮೇತ ಎಳೆಗಳನ್ನು ಸಾಲಾಗಿ ಜೋಡಿಸಿ, ದಾರದಿಂದ ಕಟ್ಟಿ ಒಣಗಿಸಿದ್ದು, ಸೇವಂತಿಗೆ ಹೂವಿನ ಕಟ್ಟಿನ ಹಾಗೆ. ಕೆಂಪನ್ನೆಲ್ಲ ಕತ್ತರಿಸಿದ ಮೇಲೆ ಉಳಿದ ಬಿಳಿ ಹಳದಿ ತುಂಡುಗಳಿಗೆ ಕೊಂಜ್ ಎಂದು ಹೆಸರು. ಅದೂ ಮಾರಾಟವಾಗುತ್ತದೆ. ನಮ್ಮಲ್ಲಿ ಕರಿಬೇವಿನ ಕಡ್ಡಿಯನ್ನೂ ಸಾರಿಗೆ ಹಾಕುವವರಿಲ್ಲವೇ?

ಈ ವಿಂಗಡಣೆ ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಶ್ಮೀರದಲ್ಲಿ ಭೂಕಂದಾಯದ ಅಧಿಕಾರಿಯಾಗಿದ್ದ ವಾಲ್ಟರ್ ಲಾರೆನ್ಸ್ ಅಲ್ಲಿಯ ರೀತಿಯನ್ನು ಬರೆದಿಟ್ಟಿದ್ದಾರೆ. ಹೂಗಳನ್ನು ಬಿಸಿಲಲ್ಲಿ ಒಣಗಿಸಿ, ಉತ್ತಮವಾದ ಎಳೆಗಳನ್ನು ಕೈಯಿಂದ ಆರಿಸಿ ತೆಗೆಯುತ್ತಿದ್ದರು. ಉಳಿದ ಒಣ ಹೂಗಳನ್ನು ಕೋಲಿನಿಂದ ಮೆಲ್ಲಗೆ ಬಡಿದು, ತೂರಿ, ನೀರಿಗೆ ಹಾಕುತ್ತಿದ್ದರು. ದಳಗಳು ತೇಲುತ್ತವೆ, ಬೇಕಾದ ಭಾಗ ಮುಳುಗುತ್ತದೆ. ಮುಳುಗಿದ್ದನ್ನು ತೆಗೆದುಕೊಂಡು, ತೇಲಿದ್ದನ್ನು ಮತ್ತೆ ಒಣಗಿಸಿ, ಮತ್ತೆ ಬಡಿದು, ಮತ್ತೆ ನೀರಿಗೆ. ಹೀಗೆ ಮೂರು ಸಲ. ಪ್ರತಿ ಸಲವೂ ಸಿಕ್ಕಿದ್ದು ಹಿಂದಿನದಕ್ಕಿಂತ ತೆಳು. ಕೈಯಿಂದ ಆರಿಸಿದ್ದಕ್ಕೆ ತೊಲಕ್ಕೆ ಒಂದು ರೂಪಾಯಿಯಾದರೆ, ನೀರಿನಲ್ಲಿ ಬೇರ್ಪಡಿಸಿದ್ದಕ್ಕೆ ಹನ್ನೆರಡಾಣೆ. ಬಣ್ಣ ಕಡಿಮೆ, ವಾಸನೆ ಕಡಿಮೆ, ಆದರೆ ಕೇಸರಿಯೇ. ಹನ್ನೆರಡಾಣೆಯ ಮಾಲಿಗೆ ಅಂದೇ ಲಚ್ಛಾ ಎಂಬ ಹೆಸರಿತ್ತು. ಹೆಸರು ಅದೇ ಉಳಿದು ಅರ್ಥ ಸ್ವಲ್ಪ ಪಕ್ಕಕ್ಕೆ ಸರಿದಿದೆ.

ಹೆಸರುಗಳನ್ನು ನಂಬಿಕೊಂಡು ಕೂತರೆ ಇನ್ನೊಂದು ತೊಂದರೆಯಿದೆ. ಇಂದು ಬೆಂಗಳೂರಿನಲ್ಲಿ ಸಿಗುವ ಡಬ್ಬಿಗಳಲ್ಲಿ ‘ಮೊಂಗ್ರಾ’ ಎಂದು ಬರೆಯದ ಡಬ್ಬಿ ಹುಡುಕುವುದೇ ಕಷ್ಟ. ಎರಡು ವರ್ಷ ಗಾಜಿನ ಕಪಾಟಿನಲ್ಲಿ ಬೆಳಕು ತಿಂದ ಮೊಂಗ್ರಾಕ್ಕಿಂತ ಈ ವರ್ಷದ ಲಚ್ಛಾ ಮೇಲು. ಹೆಸರು ಹೇಳುವುದು ಎಳೆಯ ಆಕಾರವನ್ನು ಮಾತ್ರ. ಬಲವನ್ನು ಹೇಳುವುದು ಪ್ರಯೋಗಾಲಯ. ಐಎಸ್‌ಒ 3632 ಎಂಬ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಕೇಸರಿಯನ್ನು ನೀರಿನಲ್ಲಿ ನೆನೆಸಿ, ಆ ನೀರು 440 ನ್ಯಾನೋಮೀಟರ್ ತರಂಗದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುತ್ತಾರೆ. ಬಣ್ಣದ ಬಲ ಕನಿಷ್ಠ 200 ಇದ್ದರೆ ಮೊದಲನೆಯ ವರ್ಗ, 170 ಇದ್ದರೆ ಎರಡನೆಯದು, 120 ಇದ್ದರೆ ಮೂರನೆಯದು. ಕಹಿಗೆ ಕಾರಣವಾದ ಪಿಕ್ರೋಕ್ರೋಸಿನ್, ಪರಿಮಳಕ್ಕೆ ಕಾರಣವಾದ ಸಫ್ರನಾಲ್ ಇವನ್ನೂ ಇದೇ ರೀತಿ ಬೇರೆ ತರಂಗಗಳಲ್ಲಿ ಅಳೆಯುತ್ತಾರೆ. ಹೂವಿನ ಇತರ ಭಾಗಗಳು ಮೊದಲ ವರ್ಗದಲ್ಲಿ ಶೇ 0.5ಕ್ಕಿಂತ ಹೆಚ್ಚಿರಬಾರದು, ಮೂರನೆಯದರಲ್ಲಿ ಶೇ 5ರವರೆಗೆ ಇರಬಹುದು. ಅಂದರೆ ಮೂರನೆಯ ವರ್ಗವೂ ಮಾನದಂಡದ ಒಳಗಿನದೇ, ಹೊರಗಿನದಲ್ಲ.

ಈ ಅಂಕಿಗಳನ್ನು ಅಡುಗೆಮನೆಗೆ ತಂದರೆ ಒಂದು ಕುತೂಹಲದ ಲೆಕ್ಕ ಸಿಗುತ್ತದೆ. ಮಾತಿಗೆ, ಬಲ 240 ಇರುವ ಕೇಸರಿ ಗ್ರಾಂಗೆ 400 ರೂಪಾಯಿ, ಬಲ 120 ಇರುವುದು 250 ರೂಪಾಯಿ ಎಂದುಕೊಳ್ಳಿ. ಎರಡನೆಯದು ಅಗ್ಗ ಎಂದು ಕಾಣುತ್ತದೆ. ಆದರೆ ಒಂದೇ ಬಣ್ಣ ಬರಿಸಲು ಅದು ಎರಡರಷ್ಟು ಬೇಕು. ಅಲ್ಲಿಗೆ 400 ರೂಪಾಯಿಯ ಕೆಲಸಕ್ಕೆ 500 ಕೊಟ್ಟ ಹಾಗಾಯಿತು. ಅದೇ ಕೇಸರಿ 150ಕ್ಕೆ ಸಿಕ್ಕರೆ 300ಕ್ಕೆ ಕೆಲಸ ಮುಗಿಯುತ್ತದೆ, ನಿಜವಾದ ಉಳಿತಾಯ. ಹಾಗಾಗಿ ಹಳದಿ ಬಾಲ ಇರುವುದು ಬರೀ ಕೆಂಪು ಎಳೆಯ ಅರ್ಧ ಬೆಲೆಗಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಕೊಳ್ಳುವುದು ಎಂಬುದು ನನ್ನ ಲೆಕ್ಕ. ಪೆಟ್ಟಿಗೆಯ ಮೇಲೆ ಬಲದ ಅಂಕಿ ಬರೆಯುವ ಮಾರಾಟಗಾರರು ನಮ್ಮಲ್ಲಿ ಕಡಿಮೆ. ಬರೆದವರು ಸಿಕ್ಕರೆ, ಅವರ ಕಡೆ ಒಂದು ಕಾಲು ಮುಂದಿಡುತ್ತೇನೆ.

ಇನ್ನು ನಕಲಿಯ ಕಥೆ. ಇದರಲ್ಲಿ ನಮ್ಮ ಉತ್ತರ ಕರ್ನಾಟಕಕ್ಕೂ ಒಂದು ಪಾತ್ರವಿದೆ. ವಿಜಯಪುರ, ಗದಗದ ಎರೆ ಹೊಲಗಳಲ್ಲಿ ಬಿಳಿಜೋಳದ ಸುತ್ತ ಅಂಚಿನ ಸಾಲಾಗಿ ಕುಸುಬೆ ಬಿತ್ತುತ್ತಾರೆ. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ, ಬೀಜದಿಂದ ಎಣ್ಣೆಯೂ ಸಿಗುತ್ತದೆ. ಇದೇ ಕುಸುಬೆಯ ಕಿತ್ತಳೆ ಕೆಂಪು ಹೂವಿನ ಎಸಳು ಜಗತ್ತಿನಲ್ಲೆಲ್ಲ ಕೇಸರಿಯ ವೇಷ ಹಾಕಿಕೊಂಡು ತಿರುಗುತ್ತದೆ. ಪಾಪ, ಗಿಡದ ತಪ್ಪಿಲ್ಲ. ಕುಸುಬೆ ಹೂ ಎಂದೇ ಮಾರಿದರೆ ಅದೊಂದು ಒಳ್ಳೆಯ ಸಹಜ ಬಣ್ಣ. ಕೇಸರಿಯೆಂದು ಮಾರಿದಾಗ ಮಾತ್ರ ಅಪರಾಧ. ಇದರ ಜೊತೆಗೆ ಬಣ್ಣ ಹಾಕಿದ ಮುಸುಕಿನ ಜೋಳದ ತೆನೆಯ ನವಿರು ಕೂದಲು, ಚೆಂಡು ಹೂವಿನ ದಳ, ತೆಂಗಿನ ನಾರು, ಏನೇನೋ ಇವೆ. ತೂಕಕ್ಕಾಗಿ ಜೇನು, ಎಣ್ಣೆ, ಗ್ಲಿಸರಿನ್ ಸವರುವುದೂ ಉಂಟು.

ಹಬ್ಬದ ಅವಮಾನದ ನಂತರ ನಾನು ಒಂದು ಭಾನುವಾರ ಮೂರು ಗಾಜಿನ ಲೋಟಗಳಲ್ಲಿ ಬೆಚ್ಚಗಿನ ನೀರಿಟ್ಟುಕೊಂಡು ಕುಳಿತೆ. ಒಂದಕ್ಕೆ ಆ ಅರ್ಧ ಬೆಲೆಯ ಡಬ್ಬಿಯ ಹತ್ತು ಎಳೆ, ಇನ್ನೊಂದಕ್ಕೆ ಗ್ರಂಧಿಗೆ ಅಂಗಡಿಯ ಲಚ್ಛಾ ಹತ್ತು ಎಳೆ, ಮೂರನೆಯದಕ್ಕೆ ಗದಗದ ಗೆಳತಿ ಕಳಿಸಿದ ಒಣ ಕುಸುಬೆ ಹೂ. ಮೊದಲ ಲೋಟದಲ್ಲಿ ಎಳೆ ನೀರು ಮುಟ್ಟುತ್ತಿದ್ದಂತೆಯೇ ಕೆಂಪು ಗೆರೆಯೊಂದು ಹೊಗೆಯ ಹಾಗೆ ತಳಕ್ಕೆ ಇಳಿಯಿತು. ಅರ್ಧ ನಿಮಿಷಕ್ಕೆ ನೀರು ಗುಲಾಬಿ ಕೆಂಪು, ಎಳೆ ಮಾಸಿದ ದಾರ. ಬೆರಳಲ್ಲಿ ಉಜ್ಜಿದರೆ ಪುಡಿ. ಎರಡನೆಯದರಲ್ಲಿ ಐದು ನಿಮಿಷ ಏನೂ ನಡೆಯಲಿಲ್ಲವೆನಿಸಿತು. ಆಮೇಲೆ ಪ್ರತಿ ಎಳೆಯ ಸುತ್ತ ಹೊಂಬಣ್ಣದ ಸಣ್ಣ ಮೋಡ. ಅರ್ಧ ಗಂಟೆಗೆ ಇಡೀ ನೀರು ಬಂಗಾರ, ಎಳೆ ಇನ್ನೂ ಕೆಂಪಗೇ ಇತ್ತು. ನೆನೆದ ಎಳೆಯನ್ನು ಬಿಳಿ ತಟ್ಟೆಯ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿದೆ: ತುದಿ ಕಹಳೆಯ ಬಾಯಿಯ ಹಾಗೆ ಅಗಲವಾಗಿ, ಅಂಚು ಸಣ್ಣಗೆ ಕಚ್ಚುಕಚ್ಚಾಗಿ ತೆರೆದಿತ್ತು. ಇನ್ನೊಂದು ತುದಿಯಲ್ಲಿ ತೆಳ್ಳನೆಯ ಹಳದಿ ಬಾಲ. ಕುಸುಬೆ ಬೇರೆಯದೇ ಆಕಾರ. ನೆನೆದಾಗ ಸಣ್ಣ ಕೊಳವೆ, ಅದರ ಬಾಯಲ್ಲಿ ಐದು ಕಿರಿದಾದ ಸೀಳು. ಒಮ್ಮೆ ನೋಡಿದರೆ ಮತ್ತೆಂದೂ ಮರೆಯುವುದಿಲ್ಲ.

ಆಗ ಹೊಳೆದದ್ದು ಬಾಲದ ಮಹಿಮೆ. ನಾವು ಹೀಗಳೆಯುವ ಆ ಹಳದಿ ತುಂಡೇ ಕಡಿಮೆ ದರ್ಜೆಯ ಕೇಸರಿಯ ಸಾಕ್ಷಿಪತ್ರ. ಎಳೆಗೆ ಹೊರಗಿನಿಂದ ಬಣ್ಣ ಹಚ್ಚಿದ್ದರೆ ಬಾಲವೂ ಕೆಂಪಾಗುತ್ತಿತ್ತು. ಬಾಲ ಹಳದಿಯಾಗಿಯೇ ಉಳಿದಿದೆ ಎಂದರೆ ಆ ಎಳೆಯನ್ನು ಬಣ್ಣದಲ್ಲಿ ಅದ್ದಿರುವ ಸಾಧ್ಯತೆ ಕಡಿಮೆ. ಮೊಂಗ್ರಾದಲ್ಲಿ ಈ ಸೌಲಭ್ಯ ಇಲ್ಲ, ಬರೀ ಕೆಂಪು. ಲಚ್ಛಾದ ಬಾಲಕ್ಕೆ ಕೆಂಪು ಬಳಿದು ಮೊಂಗ್ರಾ ಎಂದು ಮಾರುವುದೂ ನಡೆಯುತ್ತದೆ. ದುಬಾರಿ ದರ್ಜೆಯಲ್ಲೇ ಮೋಸಕ್ಕೆ ಲಾಭ ಹೆಚ್ಚು.

ಮನೆಯ ಪರೀಕ್ಷೆಗೆ ಒಂದು ಮಿತಿಯಿದೆ ಎಂಬುದನ್ನೂ ಹೇಳಿಬಿಡಬೇಕು. ನಿಜವಾದ ಎಳೆಗೇ ಸ್ವಲ್ಪ ಹಳದಿ ಕೃತಕ ಬಣ್ಣ ಸೇರಿಸಿದ್ದರೆ ಲೋಟ ಅದನ್ನು ಹಿಡಿದುಕೊಡುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಪುಡಿಯ ಬಗ್ಗೆಯಂತೂ ಚರ್ಚೆಯೇ ಬೇಡ. ಪುಡಿ ಮಾಡಿದ ಮೇಲೆ ಕಹಳೆಯೂ ಇಲ್ಲ, ಬಾಲವೂ ಇಲ್ಲ, ಅರಿಸಿನ ಬೆರೆಸಿದರೂ ಕಣ್ಣಿಗೆ ಕಾಣುವುದಿಲ್ಲ. ಎಳೆಯನ್ನೇ ತಂದು ಮನೆಯಲ್ಲಿ ಕುಟ್ಟಿಕೊಳ್ಳಿ.

ಈಗ ಅಂಗಡಿಯವರ ಪ್ರಶ್ನೆಗೆ ಬರೋಣ. ಯಾವುದಕ್ಕೆ?

ದೇವರ ಗಂಧಕ್ಕಾದರೆ ಹೆಚ್ಚು ಯೋಚಿಸಬೇಕಿಲ್ಲ. ಸಾಣೆಕಲ್ಲಿನ ಮೇಲೆ ಶ್ರೀಗಂಧದ ಕೊರಡಿನ ಜೊತೆ ತೇಯುವಾಗ ಎಳೆಯ ಉದ್ದ, ಅಂದ ಎರಡೂ ಮಣ್ಣುಪಾಲು. ಅಲ್ಲಿಗೆ ಚೂರು ಕೇಸರಿ ಸಾಕು. ಅಭಿಷೇಕದ ಹಾಲಿಗೂ ಅಷ್ಟೇ. ಮದುವೆ ಮನೆಯ ಬಾದಾಮಿ ಹಾಲು, ಐನೂರು ಜನರ ಪಾಯಸ, ಶ್ರೀಖಂಡ, ಪೇಡ, ಐಸ್‌ಕ್ರೀಮ್, ಇಲ್ಲೆಲ್ಲ ಲಚ್ಛಾ ಅಥವಾ ಪುಶಾಲ್ ಹಾಕುವುದು ಬುದ್ಧಿವಂತಿಕೆ. ಸಕ್ಕರೆ, ಹಾಲು, ಏಲಕ್ಕಿಗಳ ನಡುವೆ ನೆಗಿನ್‌ನ ಸೂಕ್ಷ್ಮ ಪರಿಮಳ ಹುಡುಕುವವರು ಪಂಕ್ತಿಯಲ್ಲಿ ಯಾರೂ ಕೂತಿರುವುದಿಲ್ಲ. ಕೊಂಜ್ ಸಿಕ್ಕರೆ ಚಹಾಗೆ, ಕಷಾಯಕ್ಕೆ ಹಾಕಬಹುದು. ನವಿರಾದ ವಾಸನೆ ಬರುತ್ತದೆ, ಬಣ್ಣ ನಿರೀಕ್ಷಿಸಬೇಡಿ. ಇನ್ನು ನಮ್ಮ ಹೋಟೆಲುಗಳಲ್ಲಿ ಖಾರಾಭಾತಿನ ಪಕ್ಕದಲ್ಲಿ ಕೂರುವ ಕೇಸರಿಭಾತಿಗೂ ಕೇಸರಿಗೂ ಇರುವ ನಂಟು ಸಾಮಾನ್ಯವಾಗಿ ಹೆಸರಿನದು ಮಾತ್ರ. ಅದು ಹಾಗೆಯೇ ರುಚಿ, ಬಿಡಿ.

ಮೇಲ್ದರ್ಜೆ ಬೇಕಾಗುವುದು ಎಳೆ ಕಣ್ಣಿಗೆ ಬೀಳುವ ಕಡೆ, ಕೇಸರಿಯೇ ಮುಖ್ಯ ರುಚಿಯಾದ ಕಡೆ. ಒಂದು ಬಟ್ಟಲು ಬರೀ ಹಾಲು, ಕಹ್ವಾ ಎಂಬ ಕಾಶ್ಮೀರಿ ಚಹಾ, ದಮ್ ಬಿರಿಯಾನಿಯ ಮೇಲ್ಪದರ. ನಾನು ಮನೆಯಲ್ಲಿ ಎರಡನ್ನೂ ಇಟ್ಟುಕೊಂಡಿದ್ದೇನೆ: ಬಣ್ಣಕ್ಕೆ ಲಚ್ಛಾವನ್ನು ಮೊದಲೇ ನೆನೆಸಿ ಹಾಕುತ್ತೇನೆ, ಇಳಿಸುವ ಹೊತ್ತಿಗೆ ನಾಲ್ಕೇ ಎಳೆ ಮೊಂಗ್ರಾ ಮೇಲೆ ಉದುರಿಸುತ್ತೇನೆ. ಸಫ್ರನಾಲ್ ಬಿಸಿಗೆ ಹಾರಿಹೋಗುವ ಗುಣದ್ದು, ಹಾಗಾಗಿ ಪರಿಮಳದ ಪಾಲು ಕೊನೆಗೇ ಬರಬೇಕು. ಅತ್ತೆಗೆ ಇದುವರೆಗೆ ಈ ಗುಟ್ಟು ಗೊತ್ತಾಗಿಲ್ಲ.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ಅಂಗಡಿಯವರ ಪ್ರಶ್ನೆಗೆ ನನ್ನ ಉತ್ತರ ಬೇರೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬುದು ಸುಳ್ಳು. ಮಗುವಿನ ಮೈಬಣ್ಣ ತಂದೆ ತಾಯಿಯ ವಂಶವಾಹಿಗಳಿಂದ ಬರುತ್ತದೆ, ಲೋಟದಿಂದಲ್ಲ. ಒಂದೆರಡು ಎಳೆ ರುಚಿಗೆಂದು ಹಾಕಿಕೊಳ್ಳುವುದು ಬೇರೆ, ಔಷಧಿಯೆಂದು ಹೆಚ್ಚು ಹೆಚ್ಚು ತೆಗೆದುಕೊಳ್ಳುವುದು ಬೇರೆ. ಗ್ರಾಂಗಟ್ಟಲೆ ತಿಂದರೆ ಕೇಸರಿ ವಿಷವೂ ಹೌದು. ವೈದ್ಯರನ್ನು ಕೇಳಿ. ಸೀಮಂತಕ್ಕೆ ಉಡುಗೊರೆಯಾಗಿ ಕೊಡುವುದಿದ್ದರೆ, ಗುರುತು ಪರಿಚಯವಿಲ್ಲದ ಅಗ್ಗದ ಡಬ್ಬಿಯನ್ನಂತೂ ಕೊಡಬೇಡಿ. ಬಣ್ಣ ಹಚ್ಚಿದ ದಾರವನ್ನು ಅವರ ಹಾಲಿಗೆ ಹಾಕುವುದಕ್ಕಿಂತ ಒಂದು ಡಜನ್ ಬಾಳೆಹಣ್ಣು ಮೇಲು.

ಬಳಸುವ ರೀತಿ ಸರಿಯಿಲ್ಲದಿದ್ದರೆ ಒಳ್ಳೆಯ ದರ್ಜೆಯೂ ಕಡಿಮೆ ದರ್ಜೆಯಾಗುತ್ತದೆ. ಕ್ರೋಸಿನ್ ನೀರಿನಲ್ಲಿ ಕರಗುವಂಥದ್ದು, ತುಪ್ಪದಲ್ಲಿ ಅಲ್ಲ. ಎಳೆಯನ್ನು ನೇರವಾಗಿ ತುಪ್ಪಕ್ಕೆ ಉದುರಿಸಿ ಬಣ್ಣ ಬಿಡಲಿಲ್ಲವೆಂದು ಅಂಗಡಿಯವರನ್ನು ಬೈಯುವವರನ್ನು ನೋಡಿದ್ದೇನೆ. ಚಿಟಿಕೆ ಸಕ್ಕರೆಯೊಂದಿಗೆ ಪುಟ್ಟ ಕುಟ್ಟಾಣಿಯಲ್ಲಿ ಅರೆದು, ಬೆಚ್ಚಗಿನ ನೀರು ಅಥವಾ ಹಾಲಿನಲ್ಲಿ ಅರ್ಧ ಗಂಟೆ ಮುಚ್ಚಿಡಿ. ಹಳದಿ ಬಾಲದ ಕೇಸರಿಗೆ ಇನ್ನೂ ಸ್ವಲ್ಪ ಹೊತ್ತು ಕೊಟ್ಟರೆ ಒಳ್ಳೆಯದು. ಇರಾನಿನ ಅಡುಗೆಮನೆಗಳಲ್ಲಿ ಕುಟ್ಟಿದ ಕೇಸರಿಯನ್ನು ಮಂಜುಗಡ್ಡೆಯ ಮೇಲೆ ಉದುರಿಸಿ, ಅದು ಕರಗುವವರೆಗೆ ಹಾಗೆಯೇ ಬಿಡುವ ಪದ್ಧತಿಯೂ ಇದೆ. ಬಿಸಿ ತಗಲದೆ ಬಣ್ಣ ನಿಧಾನವಾಗಿ ಇಳಿಯುತ್ತದೆ. ಬೇಸಿಗೆಯಲ್ಲಿ ಒಮ್ಮೆ ಮಾಡಿ ನೋಡಿದೆ, ನೋಡುವುದಕ್ಕೇ ಚೆಂದ.

ಕೊಳ್ಳುವಾಗ ಪಾರದರ್ಶಕ ಮುಚ್ಚಳದ ಡಬ್ಬಿಯಾದರೆ ಒಳಗಿನ ಎಳೆ ಕಾಣುತ್ತದೆ, ಆದರೆ ಅದೇ ಮುಚ್ಚಳದಿಂದ ಬೆಳಕೂ ಒಳಗೆ ಹೋಗಿರುತ್ತದೆ. ಸಾಲಿನ ಹಿಂದಿನ ಡಬ್ಬಿ ಕೇಳಿ. ಪ್ಯಾಕ್ ಮಾಡಿದ ದಿನಾಂಕ, ಆಹಾರ ಪರವಾನಗಿ ಸಂಖ್ಯೆ ನೋಡಿ. ಕಾಶ್ಮೀರದ್ದೆಂದು ಹೆಚ್ಚು ಹಣ ಕೇಳಿದರೆ ಜಿಐ ಗುರುತು, ಅಂದರೆ ಅಲ್ಲಿಯದೇ ಬೆಳೆ ಎಂಬ ಭೌಗೋಳಿಕ ಸೂಚಕ, ಎಲ್ಲಿದೆ ಎಂದು ಕೇಳಿ. 2020ರಲ್ಲಿ ಕಾಶ್ಮೀರದ ಕೇಸರಿಗೆ ಆ ಮಾನ್ಯತೆ ಸಿಕ್ಕಿದೆ. ಇರಾನಿನದ್ದನ್ನು ಇರಾನಿನದ್ದೆಂದೇ ಹೇಳಿ ಮಾರುವ ಅಂಗಡಿಯ ಮೇಲೆ ನನಗೆ ವಿಶ್ವಾಸ ಹೆಚ್ಚು. ಎಳೆ ಬೆರಳಿಗೆ ಗರಿಗರಿಯಾಗಿ ಮುರಿಯಬೇಕು. ಅಂಟಿದರೆ ತೇವವೋ ಸಕ್ಕರೆಯೋ ಇದೆ. ಕಾಗದದ ನಡುವೆ ಒತ್ತಿದಾಗ ಜಿಡ್ಡಿನ ಕಲೆ ಉಳಿದರೆ ಅದು ಎಣ್ಣೆ.

ಮನೆಗೆ ತಂದ ಮೇಲೆ ಒಲೆಯ ಪಕ್ಕದ ಸಾಂಬಾರ ಬಟ್ಟಲಿನ ಹತ್ತಿರ ಇಡಬೇಡಿ. ನಮ್ಮೂರಿನ ಮಳೆಗಾಲದ ತೇವಕ್ಕೆ ಎಳೆ ಬೇಗ ಮೆತ್ತಗಾಗುತ್ತದೆ. ಗಾಳಿಯಾಡದ ಸಣ್ಣ ಡಬ್ಬಿ, ಅದನ್ನು ಇನ್ನೊಂದು ಸ್ಟೀಲ್ ಡಬ್ಬಿಯೊಳಗೆ, ಕಪಾಟಿನ ಕತ್ತಲೆ ಮೂಲೆಗೆ. ಒಂದು ಗ್ರಾಂಗಿಂತ ಹೆಚ್ಚು ಒಟ್ಟಿಗೆ ಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ. ಕಳೆದ ವಾರ ಡಬ್ಬಿ ಖಾಲಿಯಾಗಿ ಮತ್ತೆ ಅವೆನ್ಯೂ ರಸ್ತೆಗೆ ಹೋದಾಗ ಯಜಮಾನರು ಕೇಳುವ ಮೊದಲೇ ಹೇಳಿದೆ: “ಪಾಯಸಕ್ಕೆ. ಬಾಲ ಇರುವುದೇ ಕೊಡಿ.” ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಮೇಲಿನ ಡಬ್ಬಿಗೆ ಚಾಚಿದ್ದ ಕೈಯನ್ನು ಕೆಳಗಿನ ಅರೆಗೆ ಇಳಿಸಿದರು.